ಎರೆಯುವ ತಿಪ್ಪೇರುದ್ರಮ್ಮ ಮತ್ತು ನಿದ್ದೆ ಹೋದ ಬಲಗೈ

ಕೊಟ್ಟೂರಿನ ದೊಡ್ಡ ಮನುಷ್ಯರ ಪಟ್ಟಿ ಮಾಡಲು ಹೊರಟರೆ ಮೊದಲು ತಿಪ್ಪೇರುದ್ರಮ್ಮನ ಕಾಲುಗಳ ಹೆಸರು ಬರೆಯಬೇಕು. ಉಳಿದವರೆಲ್ಲ ಆ ಕಾಲುಗಳ ಮೇಲೆ ಮಲಗಿ ಎದ್ದವರೇ. ನಲವತ್ತು ವರ್ಷದಿಂದ ಅವಳ ಕಸುಬು ಒಂದೇ: ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯುವುದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಮುಂದಕ್ಕೆ ಚಾಚಿ ಕೂಸನ್ನು ಅವುಗಳ ಮೇಲೆ ಮಲಗಿಸಿಕೊಂಡಳೆಂದರೆ, ಆ ಅರ್ಧ ತಾಸು ಕೂಸು ಅವ್ವನದೂ ಅಲ್ಲ, ಅಪ್ಪನದೂ ಅಲ್ಲ.

ಅವಳ ಹಂಡೆ ನೀರಿನ ಕಾವಿನ ಬಗ್ಗೆ ಊರಲ್ಲಿ ಏನೇನೋ ಮಾತಿವೆ. ಒಂದು ಚಳಿಗಾಲದಲ್ಲಿ ಅವಳು ಎರೆದ ಬಚ್ಚಲ ಹಬೆಯೆಲ್ಲ ಮೇಲೆದ್ದು ಮೋಡ ಕಟ್ಟಿ ಉಜ್ಜಿನಿಯಲ್ಲಿ ಜೋರು ಮಳೆ ಸುರಿಯಿತು ಎನ್ನುತ್ತಾರೆ. ಇದು ಶುದ್ಧ ಸುಳ್ಳು. ಉಜ್ಜಿನಿಯಲ್ಲಿ ಆ ದಿನ ಬಿದ್ದದ್ದು ಬರೀ ತುಂತುರು. ಇನ್ನು ಮೂಗಿನ ವಿಷಯ. ಚಪ್ಪಟೆ ಮೂಗಿನ ಕೂಸು ಸಿಕ್ಕರೆ ದಿನಾ ಹೆಬ್ಬೆರಳಿನಲ್ಲಿ ತೀಡಿ ತೀಡಿ ನೆಟ್ಟಗೆ ಮಾಡುತ್ತಾಳೆ. ಹಾಗಾಗಿ ನಮ್ಮ ಓಣಿಯ ಮೂಗುಗಳೆಲ್ಲ ಒಂದೇ ಅಚ್ಚಿನವು. ಹೊಸ ಬಸ್ ಕಂಡಕ್ಟರ್ ಕೂಡ ಮೂಗು ನೋಡಿ ಟಿಕೆಟ್ ಹರಿಯುತ್ತಾನೆ, ಊರು ಕೇಳುವುದಿಲ್ಲ.

ಈಗ ಗಿರಿಜಾಮೀಸೆ ಬಿಟ್ಟುಕೊಂಡು ಬುಲೆಟ್ ಗಾಡಿಯಲ್ಲಿ ಗುಡುಗುತ್ತಾ ಓಡಾಡುವ ದುರುಗೇಶ್ ಅವಳನ್ನು ಕಂಡರೆ ಮಾತ್ರ ಮೆಲ್ಲಗೆ ಓಣಿ ಬದಲಿಸುತ್ತಾನೆ. ಆದರೂ ಸಿಕ್ಕಿಬೀಳುತ್ತಾನೆ.

"ಏ ದುರುಗ್ಯಾ, ನಿಂದ್ರಸಲೇ ಗಾಡಿ. ನನ್ನ ಎಡಮಣಕಾಲ ಮ್ಯಾಲೆ ಎಷ್ಟು ಸಲ ಉಚ್ಚಿ ಹೊಯ್ದೀದಿ, ಲೆಕ್ಕ ಹೇಳ್ಲೇನು?"

"ಬ್ಯಾಡ ಬೇ ಯವ್ವಾ, ಜನ ಅದಾರ."

"ಹಂಗಾದ್ರ ಮನೀತನಕ ಬಿಡು."

ಬುಲೆಟ್ ಹಿಂದೆ ಮಹಾರಾಣಿಯ ಹಾಗೆ ಕೂತು ಹೋಗುತ್ತಾಳೆ.

ಇಂಥ ಹೆಂಗಸಿಗೆ ಭಯ ಇದ್ದದ್ದು ಒಂದೇ ಒಂದು. ಅದು ತಾಯಿಯಿಂದ ಬಂದದ್ದು. ತಾಯಿ ಗಾದೆಮ್ಮ ಹರಪನಹಳ್ಳಿಯಲ್ಲಿ ಇದೇ ಕಸುಬು ಮಾಡುತ್ತಿದ್ದಳು. ಒಂದು ಮನೆಯ ಕೂಸು ನಡೆಯುವ ಕಾಲಕ್ಕೆ ಕಾಲು ಎಳೆಯತೊಡಗಿತು. "ಗಾದೆಮ್ಮ ಎರೆಯುವಾಗ ಕಾಲು ತಿರುವಿಬಿಟ್ಟಳು" ಎಂದರು ಆ ಮನೆಯವರು. ಹೌದೋ ಅಲ್ಲವೋ ಕೇಳಿದವರಿಲ್ಲ. ಅಂದಿನಿಂದ ಗಾದೆಮ್ಮನನ್ನು ಒಂದು ಮನೆಯವರೂ ಕರೆಯಲಿಲ್ಲ. ಉಳ್ಳಾಗಡ್ಡಿ ಕೀಳಲು ಕೂಲಿಗೆ ಹೋಗಿ ಹೋಗಿಯೇ ಆಕೆಯ ಆಯುಷ್ಯ ಮುಗಿಯಿತು. ಸಾಯುವ ಮುಂಚೆ ಮಗಳಿಗೆ ಹೇಳಿದ್ದು ಒಂದೇ ಮಾತು: "ಕೂಸಿನ ಮೈಯಾಗ ಏನರ ಕಂಡ್ರ ಬಾಯಿ ತೆರೀಬ್ಯಾಡ. ಎರಿ, ಒರಸು, ಅವರ ಕೈಗಿ ಕೊಟ್ಟು ಬಾ."

ತಿಪ್ಪೇರುದ್ರಮ್ಮ ನಲವತ್ತು ವರ್ಷ ಇದನ್ನು ಪಾಲಿಸಿದಳು. ಉಳಿದ ಎಲ್ಲ ವಿಷಯಕ್ಕೂ ಬಾಯಿ ತೆರೆದು ಇದೊಂದನ್ನು ಸರಿದೂಗಿಸಿಕೊಂಡಳು.

ಹೀಗಿರುವಾಗ ಎಣ್ಣೆ ಅಂಗಡಿ ಅನ್ನದಾನಮ್ಮನ ಮನೆಯಲ್ಲಿ ಮೊಮ್ಮಗ ಹುಟ್ಟಿದ. ಹುಟ್ಟಿದ ಎನ್ನುವುದಕ್ಕಿಂತ ಅವಸರ ಮಾಡಿಕೊಂಡು ಬಂದ. ಸೊಸೆ ಅರ್ಚನಾ ಹಿರೇಹಡಗಲಿಯ ತವರಿಗೆ ಹೆರಿಗೆಗೆ ಹೋಗಲು ಇನ್ನೂ ಸೀರೆ ಮಡಚಿರಲಿಲ್ಲ, ಏಳು ತಿಂಗಳಿಗೇ ನೋವು ಬಂತು. ಮಗ ಅರುಣಕುಮಾರ್ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಹೆಂಡತಿಯನ್ನು ದಾವಣಗೆರೆಗೆ ಕರೆದೊಯ್ದ. ಕೂಸಿನ ತೂಕ ಒಂದು ಕೆಜಿ ನೂರು ಗ್ರಾಂ. ಅನ್ನದಾನಮ್ಮ ಅಷ್ಟು ತೂಕದ ಬದನೆಕಾಯಿ ನೋಡಿದ್ದಳು, ಮೊಮ್ಮಗನನ್ನು ನೋಡಿರಲಿಲ್ಲ. ಐವತ್ತೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ನಳಿಗೆ ಹಾಕಿ, ಆ ಡಾಕ್ಟರುಗಳು ಅವನನ್ನು ಭೂಮಿಗೆ ಹಿಡಿದು ನಿಲ್ಲಿಸಿದರು.

ಮನೆಗೆ ಕಳಿಸುವ ದಿನ ಡಾಕ್ಟರು ಒಂದು ದಪ್ಪ ಫೈಲು ಕೊಟ್ಟು ಬಹಳ ಹೊತ್ತು ಮಾತಾಡಿದರು. "ಕೂಸು ಉಳೀತು" ಎಂಬುದು ಮೊದಲ ಮಾತು. ಅದಾದ ಮೇಲೆ ಅರುಣಕುಮಾರನ ಕಿವಿ ಕೆಲಸ ಮಾಡಲಿಲ್ಲ. ತಲೆಯಲ್ಲಿ ರಕ್ತ, ಅದು ಇದು ಎಂದದ್ದು ಅರ್ಚನಾಳ ಕಿವಿಗೆ ಬಿದ್ದಿತ್ತು. ಮನೆಗೆ ಬಂದು ಆ ಮಾತೆತ್ತಿದಾಗ ಅನ್ನದಾನಮ್ಮ ಬಾಯಿ ಮುಚ್ಚಿಸಿದಳು: "ಅಂಥಾ ಮಾತು ಕೂಸಿರೋ ಮನಿಯಾಗ ಆಡಬಾರದವ್ವ."

ಅಷ್ಟೇ ಅಲ್ಲ, ಕೂಸಿನ ಜೀವ ಉಳಿಸಿದ ಕಾಗದವೆಂದು ಆ ಫೈಲನ್ನು ದೇವರ ಜಗಲಿಯ ಮೇಲಿಟ್ಟಳು. ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು. ದಿನಾ ಒಂದು ಹೂವು, ಸೋಮವಾರ ಎರಡು. ಹದಿನೈದು ದಿನದಲ್ಲಿ ಆ ಫೈಲು ಎಷ್ಟು ಪವಿತ್ರವಾಯಿತೆಂದರೆ, ಅದನ್ನು ಬಿಚ್ಚುವುದಿರಲಿ, ಸ್ನಾನ ಮಾಡದೆ ಅದರ ಕಡೆ ನೋಡುವ ಧೈರ್ಯವೂ ಆ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ.

ಕೂಸಿಗೆ ಗವಿಸಿದ್ದೇಶ್ ಎಂದು ಹೆಸರಿಟ್ಟರು. ಹೆಸರು ಕೂಸಿಗಿಂತ ಉದ್ದವಾಯಿತೆಂದು ಗವಿ ಎಂದು ಕರೆದರು. ತೂಕ ಎರಡೂವರೆ ಕೆಜಿ ಮುಟ್ಟಿದ ಮೇಲೆ ತಿಪ್ಪೇರುದ್ರಮ್ಮನನ್ನು ಕರೆಸಿದರು.

"ಎಷ್ಟು ತಿಂಗಳಿಗಿ ಹುಟ್ಟಿದ್ದು?"

"ಏಳಕ್ಕ. ಅದೇನು ದೊಡ್ಡ ಮಾತಲ್ಲ ಬಿಡು, ಗಟ್ಟಿ ಅದಾನ" ಎಂದಳು ಅನ್ನದಾನಮ್ಮ. ರಕ್ತದ ಸುದ್ದಿ ನುಂಗಿಕೊಂಡಳು.

ಊರ ಕೂಸುಗಳನ್ನೆಲ್ಲ ಚಪಾತಿ ಹಿಟ್ಟಿನಂತೆ ನಾದಿದ ಆ ಕೈಗಳು ಗವಿಯ ಮೈ ಮುಟ್ಟಿದ ದಿನ ಹೊಸ ಪಾಠ ಕಲಿತವು. ಎಣ್ಣೆಯನ್ನು ಸವರಿದಳೋ ಉಸಿರಿನಿಂದ ಊದಿದಳೋ ತಿಳಿಯದಷ್ಟು ಹಗುರ. ನೀರು ಬರೀ ಉಗುರುಬೆಚ್ಚಗೆ. ಆ ದಿನದಿಂದ ಉಜ್ಜಿನಿಯಲ್ಲಿ ತುಂತುರೂ ಇಲ್ಲ.

ಗವಿ ಅವಳ ಕಾಲ ಮೇಲೆ ನಿಧಾನವಾಗಿ ಮೈ ತುಂಬಿಕೊಂಡ. ಹುಟ್ಟಿ ಎಂಟು ತಿಂಗಳಾಗುವ ಹೊತ್ತಿಗೆ ಎಡಗೈ ಚಾಚಿ ಅವಳ ಕಿವಿಯ ಬೆಂಡೋಲೆ ಹಿಡಿದು ಜಗ್ಗತೊಡಗಿದ.

"ಅಯ್ಯಯ್ಯೋ, ಕಿವಿ ಹರದಲೇ ಕಳ್ಳ! ಅನ್ನದಾನಕ್ಕ, ನೋಡಿಲ್ಲಿ, ನಿನ್ನ ಮೊಮ್ಮಗ ಎತ್ತಿನ ಮೂಗುದಾರ ಹಿಡದಂಗ ಹಿಡದಾನ!"

ಎಲ್ಲರೂ ನಕ್ಕರು. ಅನ್ನದಾನಮ್ಮ ಮಾತ್ರ ನಗಲಿಲ್ಲ.

"ಎಡಗೈಲಿ ಹಿಡದಾನಲ್ಲ ಬೇ. ಎಲ್ಲಾ ಎಡಗೈಲೇ. ಗಿಲಕಿ ಎಡಗೈ, ನನ್ನ ಸೆರಗು ಎಡಗೈ. ನಾಳೆ ಅಂಗೈಯಾಗ ಲಿಂಗ ಇಟಗೊಂಡು ಪೂಜಿ ಮಾಡಬೇಕಾದಾವ. ಎಡಗೈ ಲಿಂಗಕ್ಕ ಪೀಠ. ಪತ್ರಿ ಏರಸಾಕ ಬಲಗೈ ಬೇಕೋ ಬ್ಯಾಡೋ?"

ನಮ್ಮ ಕಡೆಯ ಶಿವಭಕ್ತರ ಮನೆಯಲ್ಲಿ ಇದು ಸಣ್ಣ ಚಿಂತೆಯಲ್ಲ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡವನು ಅದೇ ಕೈಯಿಂದ ಪತ್ರೆ ಏರಿಸಬೇಕೆಂದರೆ ದೇವರೇ ಗಾಬರಿಯಾಗಬೇಕು. ಮಾರನೆಯ ದಿನವೇ ಅನ್ನದಾನಮ್ಮ ಹಳೇ ಕಾಟನ್ ಸೀರೆಯ ತುಂಡು ಹರಿದು, ಗವಿಯ ಎಡ ಮುಷ್ಟಿಗೆ ಚಿಕ್ಕ ಗಂಟಿನ ಹಾಗೆ ಕಟ್ಟಿಬಿಟ್ಟಳು. ಎಡಚನನ್ನು ತಿದ್ದುವುದು ಹೀಗೆ. ಅರುಣಕುಮಾರನಿಗೂ ಒಂದು ಕಾಲಕ್ಕೆ ಹೀಗೇ ಕಟ್ಟಿದ್ದಳಂತೆ.

ತಿಪ್ಪೇರುದ್ರಮ್ಮ ಎರೆಯಲು ಬಂದಾಗ ಗವಿ ಎಂದಿನಂತೆ ಬೆಂಡೋಲೆ ನೋಡಿದ. ಕಟ್ಟಿದ ಎಡಗೈ ಎದ್ದಿತು. ಬಟ್ಟೆಯ ಗಂಟು ಗಾಳಿಯಲ್ಲಿ ಅಲ್ಲಾಡಿತು, ಓಲೆ ಸಿಗಲಿಲ್ಲ. ಅವಳು ಬಾಗಿ ಓಲೆಯನ್ನು ಅವನ ಬಲಗೈಯ ಹತ್ತಿರ ತಂದಳು. ಗವಿ ಅದನ್ನು ನೋಡಿದ, ಬಾಯಿ ತೆರೆದ, ಇಡೀ ಮೈ ಕುಣಿಸಿದ. ಬಲಗೈ ಮಾತ್ರ ಏಳಲಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಹಾಸಿಗೆಯಿಂದ ಎಬ್ಬಿಸಬೇಡಿ ಎನ್ನುವವರ ಹಾಗೆ ಪಕ್ಕಕ್ಕೆ ಬಿದ್ದಿತ್ತು.

ಎರೆಯುವವರಿಗೆ ಒಂದು ವರಸೆ ಇದೆ. ಕೂಸಿನ ಬಲಗೈಯನ್ನು ಎಡಗಾಲಿಗೆ ಮುಟ್ಟಿಸುವುದು, ಎಡಗೈಯನ್ನು ಬಲಗಾಲಿಗೆ. ಅವತ್ತು ಅದನ್ನು ಮಾಡುವಾಗ ಅವಳು ಕಣ್ಣು ಮುಚ್ಚಿದಳು. ಎಡಗೈ ಬೆಣ್ಣೆಯಂತೆ ಬಂತು. ಬಲಗೈ ಮೊದಲು ಬರಲೊಲ್ಲೆ ಎಂದಿತು, ಆಮೇಲೆ ಬಂತು, ಬಿಟ್ಟ ತಕ್ಷಣ ಮತ್ತೆ ಮಡಚಿಕೊಂಡಿತು. ಇಷ್ಟು ದಿನ ಇದನ್ನು ಅವಳು ಗಟ್ಟಿತನ ಎಂದುಕೊಂಡಿದ್ದಳು. ತನ್ನ ಎಣ್ಣೆಯ ಪ್ರತಾಪವೆಂದು ನಾಲ್ಕು ಮನೆಯಲ್ಲಿ ಹೇಳಿಯೂ ಇದ್ದಳು.

ಎರೆದಳು, ಒರೆಸಿದಳು, ಕೈಗೆ ಕೊಟ್ಟು ಬಂದಳು.

ಮೂರು ದಿನ ಅವಳು ಯಾರ ಜೊತೆಯೂ ಜಗಳವಾಡಲಿಲ್ಲ. ದುರುಗೇಶ್ ಎದುರಿಗೇ ಬುಲೆಟ್ ನಿಲ್ಲಿಸಿ "ಬಿಡ್ಲೇನು ಬೇ?" ಎಂದರೂ "ನಡಕೊಂಡು ಹೋಗ್ತೀನಿ" ಎಂದಳು. ಊರಿಗೆ ಏನೋ ಕೇಡು ಕಾದಿದೆ ಎಂದು ಆ ಹುಡುಗ ಗುಡಿಗೆ ಹೋಗಿ ಕಾಯಿ ಒಡೆಸಿದ. ತಿಪ್ಪೇರುದ್ರಮ್ಮನ ಚಿಂತೆ ಬೇರೆ: ಮಾತಾಡಿದರೆ ತಿರುವಿದವಳು ನೀನೇ ಎನ್ನುತ್ತಾರೆ, ತಾಯಿಗೆ ಬಂದ ಗತಿ ತನಗೂ ಬರುತ್ತದೆ. ಸುಮ್ಮನಿದ್ದರೆ ಕೂಸಿನ ಕೈ ಹಾಗೇ ಮಲಗಿಬಿಡುತ್ತದೆ.

ನಾಲ್ಕನೆಯ ದಿನ ಗವಿಯನ್ನು ಒರೆಸಿ ಕೊಡುವ ಬದಲು ಮಡಿಲಲ್ಲೇ ಇಟ್ಟುಕೊಂಡಳು.

"ಅನ್ನದಾನಕ್ಕ, ಈ ಕೂಸು ಎಡಚ ಅಲ್ಲ."

"ಮತ್ತೇನು?"

"ಬಲಗೈ ಏಳವಲ್ದು. ಎಡಗೈ ಜಾಣ ಐತಿ ಅಂತ ಕೆಲಸ ಮಾಡಾಕ ಹತ್ತಿಲ್ಲ. ಬಲಗೈ ಬರವಲ್ದು ಅಂತ ಅದೊಂದೇ ದುಡ್ಯಾಕ ಹತ್ತೈತಿ. ನಲವತ್ತು ವರ್ಷ ಕೂಸು ನೋಡೀನಿ. ಈ ವಯಸ್ಸಿನಾಗ ಯಾವ ಕೂಸೂ ಒಂದು ಕೈಯಿಂದ ಸಂಸಾರ ಮಾಡಂಗಿಲ್ಲ."

ಅನ್ನದಾನಮ್ಮನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಬರವಲ್ದಾ? ಕೊಟ್ಟಾಗ ನೆಟ್ಟಗಿತ್ತಲ್ಲ! ನೀನೇ ತಿರುವೀದಿ ನೋಡು. ಎಳೇ ಕೂಸು, ಕಡ್ಡಿಯಂಥಾ ಕೈ, ಅದನ್ನ ಹಿಡದು ಬಲಕ್ಕ ಎಡಕ್ಕ ಅಂತ..."

"ಬೈ. ಇದು ಗೊತ್ತಿದ್ದೇ ಬಾಯಿ ತೆರದೀನಿ."

"ನಾಳಿಂದ ನಮ್ಮನಿಗಿ ಬರಬ್ಯಾಡ!"

"ಬರಂಗಿಲ್ಲ. ಊರೆಲ್ಲಾ ಸಾರು, ತಿಪ್ಪೇರುದ್ರಿ ಕೂಸಿನ ಕೈ ಮುರದಾಳ ಅಂತ. ನಿನ್ನ ಗಂಟಲಿಗಿ ನೋವಾದ್ರ ನಾನೇ ಸಾರ್ತೀನಿ. ಆದ್ರ ಕೂಸನ್ನ ದವಾಖಾನಿಗಿ ತೋರಿಸು. ಇವತ್ತ ತೋರಿಸು." ಅವಳು ಸೊಸೆಯ ಕಡೆ ತಿರುಗಿದಳು. "ಯವ್ವಾ ಅರ್ಚನಾ, ನಿಜ ಹೇಳು. ಹುಟ್ಟಿದಾಗ ದಾವಣಗೆರಿಯಾಗ ಏನರ ಹೇಳಿದ್ರೇನು?"

ಅರ್ಚನಾ ಅತ್ತೆಯ ಮುಖ ನೋಡಲಿಲ್ಲ. ಸೀದಾ ಜಗಲಿಗೆ ಹೋದಳು. ಆ ದಿನ ಅವಳದು ಇನ್ನೂ ಸ್ನಾನ ಆಗಿರಲಿಲ್ಲ. ಹೂವು ಪಕ್ಕಕ್ಕಿಟ್ಟು, ವಿಭೂತಿಯನ್ನು ಸೆರಗಿನಿಂದ ಒರೆಸಿ ಫೈಲು ಬಿಚ್ಚಿದಳು. ಆರು ತಿಂಗಳ ಊದಿನಕಡ್ಡಿಯ ಬೂದಿ ಅವಳ ಮಡಿಲಿಗೆ ಉದುರಿತು.

"ಅತ್ತೀ, ಇಲ್ಲಿ ಬರದಾರ. ಹುಟ್ಟಿದ ಮೂರನೇ ದಿನ ತಲಿ ಸ್ಕ್ಯಾನ್ ಮಾಡ್ಯಾರ. ಮಿದುಳಿನ ಎಡಭಾಗದಾಗ ರಕ್ತ ಸೋರೈತಂತ. ಕೈಕಾಲಿನ ಬೆಳವಣಿಗಿ ನೋಡಾಕ ಮೂರು ತಿಂಗಳಿಗಿ ತಪ್ಪದ ಕರಕೊಂಡು ಬರ್ರಿ ಅಂತ ತಾರೀಖು ಸೈತ ಹಾಕ್ಯಾರ." ಅವಳು ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದಳು. "ಆ ತಾರೀಖು ಆಗಿಹೋಗಿ ಮೂರು ತಿಂಗಳಾತು."

ಮೂರು ತಿಂಗಳು ಆ ತಾರೀಖು ಜಗಲಿಯ ಮೇಲೆ ಕೂತು ದಿನಾ ಹೂವು ಏರಿಸಿಕೊಂಡಿತ್ತು. ಅನ್ನದಾನಮ್ಮ ಬಚ್ಚಲ ಹೊಸ್ತಿಲ ಮೇಲೆ ಕೂತು ಗವಿಯ ಎಡಗೈಯ ಗಂಟು ಬಿಚ್ಚಿದಳು. "ತಿಪ್ಪೇರುದ್ರೀ, ನೀನೂ ಬಾ ದಾವಣಗೆರಿಗಿ" ಎಂದಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕೈಕಾಲಿಗೆ ವ್ಯಾಯಾಮ ಕಲಿಸುವ ಚಂದನಾ ಎಂಬ ಹುಡುಗಿಯ ಹತ್ತಿರ ಕಳಿಸಿದರು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ನೆಲದ ಮೇಲೆ ಚಾಪೆ ಹಾಸಿ ಕೂತು ಗವಿಯ ಜೊತೆ ಒಂದು ತಾಸು ಆಡಿದಳು. ಮೊದಲು ಅವನ ವಯಸ್ಸು ಎಂಟು ತಿಂಗಳಲ್ಲ, ಐದೂವರೆ ಎಂದಳು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕಂತೆ. ನಮ್ಮಲ್ಲಿ ಹಿರಿಯರಿಗೂ ಎರಡು ವಯಸ್ಸಿರುತ್ತದೆ, ಶಾಲೆಗೊಂದು, ಪೆನ್ಶನ್ನಿಗೊಂದು. ಆದರೆ ಎರಡೂ ನಿಜವಾಗಿರುವುದು ಗವಿಯದು ಮಾತ್ರ.

"ಕೈಗೆ ಏನೂ ಆಗಿಲ್ಲಮ್ಮ" ಎಂದಳು ಚಂದನಾ. "ಕೈಗೆ ಏಳು ಅಂತ ಹೇಳೋ ಜಾಗಕ್ಕೆ ಪೆಟ್ಟಾಗೈತೆ. ಹೊಟ್ಟೆಯೊಳಗೆ ಕಡೇ ಮೂರು ತಿಂಗಳು ಮಿದುಳು ತನ್ನ ದಾರಿ ಹಾಕ್ಕೊಳ್ಳೋ ಕಾಲ. ಇವನು ಅರ್ಧ ಕೆಲಸದಲ್ಲಿ ಹೊರಗೆ ಬಂದ. ಆಗ ಅಲ್ಲಿನ ರಕ್ತನಾಳ ಜೇಡರ ಬಲೆಗಿಂತ ತೆಳು ಇರ್ತವೆ, ಹರಿದುಬಿಡ್ತವೆ. ಎಡಗಡೆ ಮಿದುಳು ಬಲಗೈ ನಡೆಸೋದು. ಅದಕ್ಕೇ ಬಲಗೈ ಸುಮ್ಮನಾಯ್ತು."

ತಿಪ್ಪೇರುದ್ರಮ್ಮ ಮೂಲೆಯಲ್ಲಿ ನಿಂತಿದ್ದವಳು ಮುಂದೆ ಬಂದಳು.

"ಹಂಗಾದ್ರ ಎಣ್ಣಿ ತಿಕ್ಕಿದ್ದಕ್ಕ ಅಲ್ಲೇನವ್ವ?"

"ಅಲ್ಲ ಅಜ್ಜಿ. ಇದಾಗಿದ್ದು ಹುಟ್ಟಿದ ಮೂರು ದಿನದೊಳಗೆ. ಆಗ ನೀವು ಇವನ ಮುಖಾನೂ ನೋಡಿರಲಿಲ್ಲ."

"ಕಾಲು ಎಳೀತಿದ್ದ ಒಂದು ಕೂಸಿಗಿ ನಮ್ಮವ್ವ ಎರೀತಿದ್ಲು. ಅದೂ ಇದೇ ಇರಬೌದೇನು?"

"ಆ ಕೂಸನ್ನ ನಾನು ನೋಡಿಲ್ಲ, ಹೆಂಗೆ ಹೇಳ್ಲಿ? ಆದರೆ ಹಿಂಗೆ ಹುಟ್ಟುವಾಗಲೇ ಆಗಿರೋದು, ನಡೆಯೋ ಕಾಲಕ್ಕೆ ಗೊತ್ತಾಗೋದು, ದಿನಾ ನೋಡ್ತೀವಿ."

ತಿಪ್ಪೇರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಬಹಳ ಎಂದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಈಗ ಕೈ ಬರ್ತೈತೋ ಇಲ್ಲೋ, ಅದು ಹೇಳವ್ವ" ಎಂದಳು ಅನ್ನದಾನಮ್ಮ.

"ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರೋ ರಸ್ತೆ ಕಿತ್ತುಹೋಯ್ತು ಅನ್ಕೊಳ್ರಿ. ಬಸ್ಸು ಉಜ್ಜಿನಿ ಮೇಲೆ ಸುತ್ತುಹಾಕ್ಕೊಂಡು ಬರ್ತದೆ. ಎಳೇ ಮಿದುಳೂ ಹಂಗೇ ಬೇರೆ ದಾರಿ ಹುಡುಕ್ತದೆ. ಆದರೆ ಆ ದಾರೀಲಿ ದಿನಾ ಬಸ್ಸು ಓಡಬೇಕು. ಓಡದಿದ್ರೆ ಜಾಲಿ ಬೆಳೆದು ಅದೂ ಮುಚ್ಚಿಹೋಗ್ತದೆ. ಈ ಒಂದೆರಡು ವರ್ಷ ಬಲು ಮುಖ್ಯ. ಎಷ್ಟು ಬರ್ತದೆ ಅಂತ ನಾನು ಮಾತು ಕೊಡೋದಿಲ್ಲ. ಆಡಿಸಿದಷ್ಟು ಬರ್ತದೆ." ಅವಳು ಗವಿಯ ಎಡಗೈ ಹಿಡಿದು ಮಣಿಕಟ್ಟಿನ ಮೇಲಿನ ಸಣ್ಣ ಗೆರೆ ನೋಡಿದಳು. "ಇದಕ್ಕೆ ಬಟ್ಟೆ ಕಟ್ಟಿದ್ದು ಯಾರು?"

ಅನ್ನದಾನಮ್ಮ ಕುತ್ತಿಗೆ ಬಗ್ಗಿಸಿ ನಿಂತಳು, ಹಾಜರಿ ತಪ್ಪಿಸಿದ ಶಾಲೆ ಹುಡುಗಿಯಂತೆ.

"ನಾನವ್ವ. ಎಡಚ ಆಗ್ತಾನ ಅಂತ..."

"ಇಡೀ ದಿನ ಕಟ್ಟಬಾರದು, ಬಿಗಿಯಾಗಿ ಅಂತೂ ಕಟ್ಟಲೇಬಾರದು. ಎಡಗೈಗೂ ಕಲಿಯೋದು ಇರ್ತದೆ. ಆದರೆ ದಿನಕ್ಕೆ ಅರ್ಧ ಗಂಟೆ, ಅದಕ್ಕೊಂದು ಮೆತ್ತಗಿನ ಚೀಲ ಹಾಕಿ ಬಲಗೈಯಿಂದ ಆಟ ಆಡಿಸಬೇಕು. ನಾನೂ ನಿಮಗೆ ಹೇಳ್ಬೇಕು ಅಂತಿದ್ದ ಉಪಾಯ ಅದೇ."

ಅನ್ನದಾನಮ್ಮ ಮೆಲ್ಲಗೆ ಕುತ್ತಿಗೆ ಎತ್ತಿದಳು. ಊರಿಗೆ ವಾಪಸಾಗುವಾಗ ಹರಪನಹಳ್ಳಿ ಬರುವಷ್ಟರಲ್ಲಿ ಆ ಕುತ್ತಿಗೆ ಎಷ್ಟು ಎತ್ತರಕ್ಕೆ ಹೋಯಿತೆಂದರೆ, ಬಸ್ಸಿನ ಚಾವಣಿಗೆ ತಾಗಿತು.

"ನೋಡಿದ್ಯಾ ತಿಪ್ಪೇರುದ್ರೀ? ಅಷ್ಟು ಓದಿದಾಕಿಗೂ ನನಗೂ ಒಂದೇ ವಿಚಾರ ಹೊಳದೈತಿ."

"ಹೊಳೀತು ಹೊಳೀತು. ಫೈಲಿಗೂ ಪೂಜಿ ಮಾಡಂತ ಹೇಳಿದ್ಲೇನು ಆಕಿ?"

ಅರ್ಚನಾ ಆ ದಿನ ಮೊದಲ ಸಲ ನಕ್ಕಳು.

ಅಲ್ಲಿಂದ ಶುರುವಾಯಿತು ಗವಿಯ ಅರ್ಧ ಗಂಟೆ. ಅರ್ಚನಾ ಬಲಗೈ ಹತ್ತಿರ ಬಳೆ, ಚಮಚ, ಗಿಲಕಿ ಹಿಡಿದು ಕಾಯುವಳು. ಅನ್ನದಾನಮ್ಮ ಗಡಿಯಾರದ ಕೆಳಗೆ ಕೂತು, ಒಂದು ನಿಮಿಷ ಹೆಚ್ಚಾದರೆ ಜಗಳಕ್ಕೆ ಬರುವಳು, ಕಡಿಮೆಯಾದರೂ ಬರುವಳು. ತಿಪ್ಪೇರುದ್ರಮ್ಮ ದಾವಣಗೆರೆಯಲ್ಲಿ ಆಸ್ಪತ್ರೆಯ ನೆಲದ ಮೇಲೇ ಕಾಲು ಚಾಚಿ ಕೂತು, ಬಿಗಿದ ಕೈಯನ್ನು ಜಗ್ಗದೆ ಹೇಗೆ ಕಾದು ಸಡಿಲಿಸಬೇಕೆಂದು ಆ ಹುಡುಗಿಯಿಂದ ಕಲಿತು ಬಂದಿದ್ದಳು. ಬೇರೆ ಕೂಸುಗಳಿಗೆ ಆರು ತಿಂಗಳು ಎರೆದು ಮುಗಿಸುವವಳು ಗವಿಗೆ ಮಾತ್ರ ನಿಲ್ಲಿಸಲೇ ಇಲ್ಲ.

ಮೊದಲ ತಿಂಗಳು ಬಲಗೈ ಏನೂ ಮಾಡಲಿಲ್ಲ. ಗವಿ ಅತ್ತ, ಅರ್ಚನಾ ಅತ್ತಳು, ಅನ್ನದಾನಮ್ಮ ಗಡಿಯಾರಕ್ಕೆ ಬೈದಳು. ಎರಡನೇ ತಿಂಗಳಲ್ಲಿ ಒಂದು ದಿನ ಬಚ್ಚಲಲ್ಲಿ ಬೆಂಡೋಲೆಗೆ ಏನೋ ತಗುಲಿದಂತಾಯಿತು. ನೊಣ ಎಂದುಕೊಂಡು ತಿಪ್ಪೇರುದ್ರಮ್ಮ ತಲೆ ಕೊಡವಿದಳು. ನೊಣವಲ್ಲ. ಬಲಗೈಯ ಮುಷ್ಟಿ, ಬಿಚ್ಚದೆ, ಹಾಗೇ ಬಂದು ಓಲೆಗೆ ಕುಟ್ಟಿತ್ತು. ಅವಳು ಕೂಗಿದ ಕೂಗಿಗೆ ಗುಡೇಕೋಟೆಯ ಗುಡ್ಡದ ಕರಡಿಗಳು ಎದ್ದು ಕೂತವು ಎನ್ನುತ್ತಾರೆ. ಅದನ್ನು ಮಾತ್ರ ನಾನು ನಂಬುತ್ತೇನೆ, ಏಕೆಂದರೆ ನಮ್ಮ ಓಣಿಯಲ್ಲಿ ನಾವೆಲ್ಲ ಎದ್ದಿದ್ದೆವು.

ಹಾಗೆಂದು ಪವಾಡವೇನೂ ಆಗಲಿಲ್ಲ. ಗವಿಗೆ ಈಗ ಎರಡು ವರ್ಷ ದಾಟಿದೆ. ಕೈಯ ಹಾಗೆ ಅದೇ ಕಡೆಯ ಕಾಲೂ ಕೊಂಚ ಬಿಗಿ; ಆ ಬಲಗಾಲಿಗೆ ಪಟ್ಟಿಯ ಬೂಟು ಹಾಕಿಕೊಂಡು, ಸ್ವಲ್ಪ ತುದಿಗಾಲಲ್ಲಿ, ಬಾಗಿಲಿಂದ ಬಾಗಿಲಿಗೆ ಓಡುತ್ತಾನೆ. ಬಲಗೈ ಸಣ್ಣ ಕೆಲಸಕ್ಕೆ ಇನ್ನೂ ಒಲ್ಲೆ ಎನ್ನುತ್ತದೆ. ಕಡಲೆಕಾಳು ಹೆಕ್ಕಲು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ದಾವಣಗೆರೆ ತಪ್ಪಿಲ್ಲ. ಫೈಲು ಈಗ ಜಗಲಿಯ ಮೇಲಿಲ್ಲ, ಟಿವಿಯ ಪಕ್ಕದಲ್ಲಿದೆ. ವಿಭೂತಿ ಹೋಗಿ ಗವಿಯ ಕೈಯ ಎಣ್ಣೆ ಕಲೆಗಳು ಬಂದಿವೆ.

ಮೊನ್ನೆ ಬೆಳಿಗ್ಗೆಯ ಮಾತು. ಎರೆದು ಮುಗಿಸಿ ತಿಪ್ಪೇರುದ್ರಮ್ಮ ಟವೆಲ್ ಹುಡುಕುತ್ತಾ ಆಚೆ ತಿರುಗಿದ್ದಳು. ಗವಿ ಹಂಡೆಯ ಪಕ್ಕದ ತುಂಬಿದ ತಂಬಿಗೆಯನ್ನು ನೋಡಿದ. ಎಡಗೈಯಿಂದ ಕಂಠ ಹಿಡಿದ. ಒಂದೇ ಕೈಗೆ ತಂಬಿಗೆ ಏಳಲಿಲ್ಲ. ಬಾಗಿಲಲ್ಲಿದ್ದ ಅನ್ನದಾನಮ್ಮ ಸಹಾಯಕ್ಕೆ ಓಡಬೇಕೆಂದವಳು ಬಾಗಿಲ ಚೌಕಟ್ಟನ್ನೇ ಹಿಡಿದುಕೊಂಡು ನಿಂತಳು. ಬಲಗೈ ನಿಧಾನವಾಗಿ, ಬಹಳ ನಿಧಾನವಾಗಿ, ಉಜ್ಜಿನಿ ಮೇಲೆ ಸುತ್ತುಹಾಕಿಕೊಂಡು ಬಂದಂತೆ ಬಂತು. ತಂಬಿಗೆಯ ಹೊಟ್ಟೆಗೆ ಅಂಗೈ ಕೊಟ್ಟಿತು. ತಂಬಿಗೆ ಎದ್ದಿತು. ಗವಿ ಎರಡು ಹೆಜ್ಜೆ ಮುಂದೆ ಹೋಗಿ, ಕೂತಿದ್ದ ತಿಪ್ಪೇರುದ್ರಮ್ಮನ ನೆತ್ತಿಯ ಮೇಲೆ ಅಷ್ಟನ್ನೂ ಸುರಿದ.

ನೀರು ಹೆರಳಿನಿಂದ, ಬೆಂಡೋಲೆಯಿಂದ, ಮೂಗಿನ ತುದಿಯಿಂದ ಇಳಿಯಿತು. ಅವಳು ಅಲ್ಲಾಡಲಿಲ್ಲ.

"ತಿಪ್ಪೇರುದ್ರೀ" ಎಂದಳು ಅನ್ನದಾನಮ್ಮ. "ಎರಡೂ ಕೈ ಬೇ."

"ಗೊತ್ತಾತು. ನೆತ್ತಿಗೇ ಗೊತ್ತಾತು." ತಿಪ್ಪೇರುದ್ರಮ್ಮ ಕಣ್ಣೊರೆಸಿಕೊಂಡು ಗವಿಯ ಕಡೆ ತಿರುಗಿದಳು. "ನಲವತ್ತು ವರ್ಷ ಊರಿಗೆಲ್ಲಾ ಎರದೀನಿ, ನನಗೊಬ್ಬರೂ ಎರದಿರಲಿಲ್ಲಲೇ. ಆದ್ರ ನೀರು ತಣ್ಣಗಾಗ್ಯಾವು. ಹೋಗು, ಬಿಸೀವು ತುಂಬಿಸ್ಕೊಂಡು ಬಾ."

ಗವಿ ಖಾಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಾಗಿಲಲ್ಲಿದ್ದ ಅಜ್ಜಿಯ ಕಡೆ ಹೊರಟ.